ಫಿನಾಯಿಲಿನ ವಾಸನೆಯಿಲ್ಲದ ವಾರ್ಡು

"ಫಿನಾಯಿಲು ಕದ್ದು ಮಾರಿದವಳು ನಾನಾ? ಕಾಪುವಿನಿಂದ ಇಷ್ಟು ದೂರ ಬಂದದ್ದು ಅದಕ್ಕಾ, ಬಾಯಿ?"

ಹೆರಿಗೆ ವಾರ್ಡಿನ ಆಯಾ ಸರಸ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಟ್ರನ್ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದ್ದು ಅರ್ಧ ಆಸ್ಪತ್ರೆಗೆ ಕೇಳಿಸಿತು. ಅದು ಐವತ್ತೆಂಟರ ಬೇಸಿಗೆ. ಕಾರ್ಕಳದ ಆ ಆಸ್ಪತ್ರೆಗೆ ಹೊಸದಾಗಿ ಬಂದ ಸೂಪರಿಂಟೆಂಡೆಂಟ್ ಡಾಕ್ಟರ್ ಫೌಸ್ಟಿನ್ ಶುಚಿತ್ವವನ್ನು ಮೂಗಿನಿಂದಲೇ ಅಳೆಯುತ್ತಿದ್ದರು. ಅವರು ರೌಂಡಿಗೆ ಹೋದಾಗ ಗಂಡಸರ ವಾರ್ಡು ಫಿನಾಯಿಲಿನಿಂದ ಘಮ್ಮೆನ್ನುತ್ತಿತ್ತು, ಹೆಂಗಸರ ವಾರ್ಡೂ ಅಷ್ಟೆ. ಹೆರಿಗೆ ವಾರ್ಡು ಮಾತ್ರ ಇಲ್ಲ. ಆದ್ದರಿಂದ ಸರಸ ಕಳ್ಳಿ, ಸಂಜೆಗೆ ಅವಳು ಕೆಲಸ ಬಿಡಬೇಕು ಎಂದು ಅವರು ತೀರ್ಮಾನಿಸಿದ್ದರು.

ಮೇಟ್ರನ್ ಕಾನ್ಸೆಪ್ಟಾ ಬಾಯಿ ಕನ್ನಡಕ ಒರೆಸಿಕೊಂಡರು. ಅವರ ಮುಂದೆ ಆಸ್ಪತ್ರೆಯ ಯಾವ ಗುಟ್ಟೂ ಹೆಚ್ಚು ದಿನ ಬಾಳುತ್ತಿರಲಿಲ್ಲ. ಇಂಥ ಪತ್ತೆಗಳಲ್ಲಿ ಅವರ ಹಿಂದೆ ನಡೆದೇ ನರ್ಸ್ ಪ್ರೆಸಿಲ್ಲಾ ಬೂಟು ಸವೆಸಿದ್ದಳು.

"ನಿನಗೆ ಫಿನಾಯಿಲಿನ ಬಾಟ್ಲಿ ಪೂರ್ತಿ ಬರ್ತದಾ?"

"ಅರ್ಧ. ಸ್ಟೋರಿನ ಡೊಮಿನಿಕ್ ಕೊಡುವುದು, ಜವಾನ ಹೂವಪ್ಪಣ್ಣ ತರುವುದು. ಅದು ಪಾಯಿಖಾನೆಗೇ ಮುಗಿಯುತ್ತದೆ. ನೆಲವನ್ನು ನಾನು ಸೋಪು ಹಾಕಿ ಕುದಿನೀರಲ್ಲಿ ತಿಕ್ಕುತ್ತೇನೆ. ನೆಲ ಶುದ್ಧ ಆದರೆ ಸಾಕಲ್ವಾ, ನಾರುವುದು ಎಂತಕ್ಕೆ?"

"ಡೊಮಿನಿಕ್ ಮೊನ್ನೆ ಹೊಸ ಸೈಕಲ್ ತೆಗೆದಿದ್ದಾನೆ, ಬಾಯಿ," ಎಂದು ಪ್ರೆಸಿಲ್ಲಾ ಪಿಸುಗುಟ್ಟಿದಳು.

"ಸೈಕಲಿಗೆ ಫಿನಾಯಿಲು ಹಾಕ್ತಾರಾ? ನಡೆ."

ಡಾಕ್ಟರು ಇನ್ನೂ ರೌಂಡಿಗೆ ಹೊರಟಿರಲಿಲ್ಲ. ಗಂಡಸರ ವಾರ್ಡಿನಲ್ಲಿ ಕಾನ್ಸೆಪ್ಟಾ ಬಾಯಿ ನಿಂತು ಪ್ರೆಸಿಲ್ಲಾಳನ್ನು ಕೇಳಿದರು: "ಎಂತ ವಾಸನೆ?"

"ಬೀಡಿಯದ್ದು."

"ಮತ್ತೆ?"

"ಮತ್ತೂ ಬೀಡಿಯದ್ದೇ."

ಸೂಪರಿಂಟೆಂಡೆಂಟರ ಕೋಣೆಯೆದುರಿನ ತೆಂಗಿನ ನಾರಿನ ಚಾಪೆ ನೀರು ಕುಡಿದಂತೆ ಒದ್ದೆಯಾಗಿತ್ತು. "ಮಳೆಗೆ ಇನ್ನೂ ಸಮಯ ಉಂಟಲ್ವಾ?" ಎಂದಷ್ಟೇ ಹೇಳಿ ಮೇಟ್ರನ್ ದಾಟಿದರು. ಅಷ್ಟರಲ್ಲಿ ಡಾಕ್ಟರು ಚಾಪೆ ತುಳಿದು ಹೊರಟರು. ಅವರು ಹೊಕ್ಕು ಬಂದ ವಾರ್ಡುಗಳೆಲ್ಲ ಫಿನಾಯಿಲಿನಿಂದ ಘಮ್ಮೆಂದವು. ಕೊನೆಗೆ ಅವರು ಹೆರಿಗೆ ವಾರ್ಡಿಗೆ ಬಂದು, ಎಲ್ಲರಂತೆ ಬೂಟು ಹೊರಗೆ ಬಿಟ್ಟು ಒಳಗೆ ಹೋದರು. ಗೋಡೆಯ ಬುಡದ ಇರುವೆ ಸಾಲು ಆ ಬೂಟಿನ ಹತ್ತಿರ ನಿಂತು, ದೂರದಿಂದ ಬಳಸಿ ಹೋಯಿತು.

"ಇರುವೆಗಳಿಗೂ ಡಾಕ್ಟರ ಹೆದರಿಕೆ!" ಎಂದು ಪ್ರೆಸಿಲ್ಲಾ ನಕ್ಕಳು. ಮೇಟ್ರನ್ ನಗಲಿಲ್ಲ. "ಎಲ್ಲರನ್ನೂ ಕರೆ," ಎಂದರು.

ಮಧ್ಯಾಹ್ನ ಸೂಪರಿಂಟೆಂಡೆಂಟರ ಕೋಣೆಯಲ್ಲಿ ಎಲ್ಲರೂ ಸೇರಿದರು.

"ಡಾಕ್ಟ್ರೇ, ನೀವು ರೌಂಡಿಗೆ ಬರುವ ಮೊದಲು ಯಾವ ವಾರ್ಡಿನಲ್ಲೂ ಫಿನಾಯಿಲು ನಾರುವುದಿಲ್ಲ," ಎಂದು ಕಾನ್ಸೆಪ್ಟಾ ಬಾಯಿ ಆರಂಭಿಸಿದರು. "ನೀವು ಹೋದಲ್ಲೆಲ್ಲ ನಾರುತ್ತದೆ. ಬೂಟು ಕಳಚಿದಲ್ಲಿ ಇಲ್ಲ. ಇರುವೆ ಬಳಸಿ ಹೋದದ್ದು ನಿಮ್ಮ ಬೂಟನ್ನು. ಬೂಟು ನೆನೆದದ್ದು ನಿಮ್ಮ ಚಾಪೆಯಲ್ಲಿ. ದಿನಾ ಅದೇ ವಾಸನೆಯಲ್ಲಿ ಕೂತು ನಿಮ್ಮ ಮೂಗಿಗೆ ಅದು ಈ ಕೋಣೆಯಲ್ಲಿ ಗೊತ್ತಾಗುವುದಿಲ್ಲ. ಇನ್ನು, ಸ್ಟೋರಿನಿಂದ ವಾರ್ಡಿಗೆ ಬಾಟ್ಲಿ ಒಯ್ಯುವವನೂ ಈ ಬಾಗಿಲಲ್ಲಿ ನಿಲ್ಲುವ ಜವಾನನೂ ಒಬ್ಬನೇ. ಅಲ್ವಾ ಹೂವಪ್ಪ?"

ಹೂವಪ್ಪ ತಲೆ ತಗ್ಗಿಸಲಿಲ್ಲ. "ಹೌದು, ಅರ್ಧ ಬಾಟ್ಲಿ ಚಾಪೆಗೆ ಸುರಿದದ್ದು ನಾನೇ. ವಾಸನೆ ಇದ್ದರೆ ಶುಚಿ ಉಂಟು ಅಂತ ಡಾಕ್ಟ್ರೇ ಹೇಳಿದ್ದಲ್ವಾ? ನಮ್ಮ ಡಾಕ್ಟ್ರು ಕಾಲಿಟ್ಟಲ್ಲಿ ರೋಗ ಸಾಯಬೇಕು, ಅಷ್ಟೆ!"

"ಉಳಿದ ವಾರ್ಡಿನವರು ಬಾಟ್ಲಿ ಅರ್ಧ ಅಂತ ಯಾಕೆ ಹೇಳಲಿಲ್ಲ?" ಡಾಕ್ಟರ ದನಿ ಇಳಿದಿತ್ತು.

"ದಿನಾ ನಿಮ್ಮಿಂದ ಶಹಭಾಸ್ ಸಿಗುವಾಗ ಯಾರು ಹೇಳ್ತಾರೆ?" ಎಂದರು ಮೇಟ್ರನ್. "ಸಿಕ್ಕಿದ ಅರ್ಧವನ್ನು ಪಾಯಿಖಾನೆಗೆ ಹಾಕಿ, ನೆಲವನ್ನು ಬರೀ ನೀರಲ್ಲಿ ಒರೆಸಿ ಸುಮ್ಮನಾದರು. ಅಲ್ಲಿ ಗಾಯಗಳು ಕೀವಾಗುತ್ತಿವೆ. ಸರಸಳ ವಾರ್ಡಿನಲ್ಲಿ ಒಬ್ಬ ಬಾಣಂತಿಗೂ ಜ್ವರ ಇಲ್ಲ."

ಡಾಕ್ಟರ್ ಫೌಸ್ಟಿನ್ ತಮ್ಮ ಬೂಟು ಕಳಚಿದರು. ಎದ್ದು ನಿಂತು, "ತಪ್ಪು ನನ್ನದು, ಸರಸ. ಉಳಿದವರಿಗೂ ನೀನೇ ಕಲಿಸಬೇಕು," ಎಂದರು.

"ಕಲಿಸುವಾ," ಎಂದಳು ಸರಸ. "ಮೊದಲು ನಿಮ್ಮಿಂದ."

ಮರುದಿನ ಬೆಳಿಗ್ಗೆ ಪ್ರೆಸಿಲ್ಲಾ ಹೆರಿಗೆ ವಾರ್ಡಿನ ಜಗಲಿಯಲ್ಲಿ ಕಂಡದ್ದನ್ನು ಬಹಳ ವರ್ಷ ಹೇಳಿಕೊಂಡು ತಿರುಗಿದಳು. ಸೂಪರಿಂಟೆಂಡೆಂಟರು ಪ್ಯಾಂಟು ಮಡಚಿ ಬರಿಗಾಲಲ್ಲಿ ನಿಂತು ಸೋಪು ಹಾಕಿ ಕಾಲು ತಿಕ್ಕಿಕೊಳ್ಳುತ್ತಿದ್ದರು. ತಂಬಿಗೆ ಹಿಡಿದ ಸರಸ ನೀರು ಹೊಯ್ಯುವುದನ್ನು ನಿಲ್ಲಿಸಿ, ಬಗ್ಗಿ ನೋಡಿ, ಗಂಭೀರವಾಗಿ ಹೇಳಿದಳು:

"ಹಿಮ್ಮಡಿ ಉಳಿಯಿತು, ಡಾಕ್ಟ್ರೇ."