ತಪ್ಪು ತುಟಿಯದಲ್ಲ

“ಬಾಯಿಂದ ತೆಗಿ ಅದನ್ನ!”

ಕುಮಟಾದ ಆ ಹೈಸ್ಕೂಲಿನ ಬ್ಯಾಂಡ್ ಕೋಣೆ ಒಮ್ಮೆಲೇ ಸ್ತಬ್ಧವಾಯಿತು. ಅಂದೇ ಕೆಲಸಕ್ಕೆ ಸೇರಿದ್ದ ಸಂಗೀತ ಮಾಸ್ತರ್ ರವೀಂದ್ರ, ಒಂಬತ್ತನೇ ತರಗತಿಯ ಬಂಗಾರಿಯ ಕೈಯಿಂದ ಕ್ಲಾರಿನೆಟ್ ತೆಗೆದುಕೊಂಡ. ಹಲ್ಲು ನಾಟಿ ಅವಳ ಕೆಳತುಟಿಯ ಒಳಗೆ ರಕ್ತ ಒಸರುತ್ತಿತ್ತು.

“ಹೀಗೆ ಕಚ್ಚಿ ಊದುಕೆ ಯಾರು ಹೇಳ್ಕೊಟ್ಟದ್ದು?”

ಮಕ್ಕಳೆಲ್ಲ ಸುಚಿತಾಳತ್ತ ನೋಡಿದರು. ಅಲ್ಲಿಯವರೆಗೆ ಬ್ಯಾಂಡ್ ನೋಡಿಕೊಂಡಿದ್ದವಳು ಗಣಿತ ಕಲಿಸುವ ಅವಳೇ. ಮೊಬೈಲಿನಲ್ಲಿ ವಿಡಿಯೋ ನೋಡಿ ಅಷ್ಟಿಷ್ಟು ಕಲಿತು, ‘ಗಟ್ಟಿ ಕಚ್ಚಿ ಹಿಡಿ’ ಎಂದಿದ್ದವಳೂ ಅವಳೇ.

ಅವನ ಕಣ್ಣು ತನ್ನ ಮೇಲೆ ನಿಂತಾಗ ಸುಚಿತಾಳ ಎದೆ ಧಸಕ್ಕೆಂದಿತು. ಎಂಥ ಕಣ್ಣು ಅದು...! ಅದರೆದುರು ಸಣ್ಣವಳಾಗಲು ಮನಸ್ಸು ಒಪ್ಪಲಿಲ್ಲ.

“ನಾ ಸರಿಯಾಗೇ ಹೇಳಿದ್ದೆ ಸರ್. ಅವಳೇ ಕೇಳೂದಿಲ್ಲ.”

ಬಂಗಾರಿ ತಲೆ ತಗ್ಗಿಸಿದಳು. ಮರುದಿನದಿಂದ ಬ್ಯಾಂಡಿಗೆ ಬರಲಿಲ್ಲ.

ಮಳೆಗಾಲ ಮುಗಿಯುವಷ್ಟರಲ್ಲಿ ರವೀಂದ್ರನೂ ಸುಚಿತಾಳೂ ಸಂಜೆಯ ಚಹಾ ಒಟ್ಟಿಗೇ ಕುಡಿಯುವಷ್ಟು ಹತ್ತಿರವಾಗಿದ್ದರು. ಒಂದು ದಿನ ಅವನೇ ತನ್ನ ತಾಯಿಯ ಮಾತೆತ್ತಿ ಕೇಳಿಬಿಟ್ಟ.

“ಮುರ್ಡೇಶ್ವರದಿಂದ ಆಯಿನ ಕರ್ಕಂಡು ನಿಮ್ಮನೆಗೆ ಹೆಣ್ಣು ಕೇಳುಕೆ ಬರ್ಲಾ, ಸುಚಿತಾ?”

ಸುಚಿತಾಳಿಗೆ ಖುಷಿಯೇ ಖುಷಿ. ಆದರೆ ಆ ಕ್ಷಣವೇ ಬಂಗಾರಿಯ ತಗ್ಗಿದ ತಲೆ ಕಣ್ಣೆದುರು ಬಂತು. ‘ಇವನು ಮೆಚ್ಚಿದ್ದು ಮಗುವಿನ ಮೇಲೆ ಸುಳ್ಳು ಹೇಳಿದವಳನ್ನಾ...?’

“ಬೇಡ ಸರ್...” ಎಂದವಳೇ ಎದ್ದು ಹೋದಳು.

ತನ್ನನ್ನೇ ಬೇಡವೆಂದಳು ಎಂದುಕೊಂಡ ರವೀಂದ್ರ. ಮರುದಿನ ಎದುರು ಸಿಕ್ಕರೂ ಮುಖ ನೋಡಲಿಲ್ಲ.

ಶನಿವಾರ ಸುಚಿತಾ ಕಾಗಾಲಕ್ಕೆ, ಬಂಗಾರಿಯ ಮನೆಗೆ ಹೋದಳು. ಹುಡುಗಿ ಅಂಗಳದಲ್ಲಿ ಕೂತು ಹರಿವೆ ಸೊಪ್ಪನ್ನು ಹಿಡಿ ಹಿಡಿಯಾಗಿ ಸೂಡಿ ಕಟ್ಟುತ್ತಿದ್ದಳು.

“ತಪ್ಪು ನಂದು ಬಂಗಾರಿ. ಅವತ್ತು ನಾ ಸುಳ್ಳು ಹೇಳ್ದೆ.”

“ಗೊತ್ತುಂಟು ಅಕ್ಕೋರೆ. ನೀವು ಹೇಳಿದಂಗೇ ಕಚ್ಚಿದ್ದೆ...” ಸೂಡಿ ಕಟ್ಟುತ್ತಿದ್ದ ಕೈ ನಿಂತಿತು. “ನೀವೇ ಸರ್ ಹತ್ರ ಹೇಳ್ತ್ರಿ ಅಂತ ಅಂದ್ಕಂಡಿದ್ದೆ.”

ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ! ಸುಚಿತಾ ಅವಳ ಪಕ್ಕ ಕೂತು ಅತ್ತಳು.

ಸೋಮವಾರ ಬಂಗಾರಿಯ ಕೈ ಹಿಡಿದೇ ಬ್ಯಾಂಡ್ ಕೋಣೆಗೆ ಬಂದಳು. ಮಕ್ಕಳೆಲ್ಲರ ಎದುರು ಹೇಳಿದಳು. “ಸರ್, ಇವಳಿಗೆ ತಪ್ಪು ಕಲಿಸಿದ್ದು ನಾನು. ನಂಗೇ ಸರಿಯಾಗಿ ಬರ್ತಿರ್ಲಿಲ್ಲ. ಅವತ್ತು ಸುಳ್ಳು ಹೇಳ್ದೆ.”

ರವೀಂದ್ರನ ಮುಖ ಬಿಗಿಯಿತು. “ನಿಮ್ಮ ಮಾತು ನಂಬಿ, ಈ ಹುಡುಗಿ ಎಂತಕ್ಕೆ ಬರೂದಿಲ್ಲ ಅಂತ ನಾನೂ ಕೇಳ್ಲಿಲ್ಲ...” ದನಿ ಇಳಿಯಿತು. ಎರಡು ಕುರ್ಚಿ ಎಳೆದು, ಇಬ್ಬರ ಕೈಗೂ ಕ್ಲಾರಿನೆಟ್ ಕೊಟ್ಟ. “ಇಬ್ರೂ ಕೂತ್ಕಳಿ. ಮೊದಲಿಂದ ಶುರು ಮಾಡುವ.”

“ಕೆಳತುಟಿ ಹಲ್ಲಿನ ಮೇಲೆ ಚೂರೇ ಮಡಚಿ, ಮೆತ್ತೆ ಹಾಸಿದಂಗೆ. ಮೇಲಿನ ಹಲ್ಲು ಸುಮ್ನೆ ಕೂರ್ಲಿ. ಬಾಯಿಯ ಎರಡೂ ಮೂಲೆ ಬಿಗಿ. ಕೆನ್ನೆ ಉಬ್ಬೂದು ಬೇಡ... ಕಚ್ಚೂದೂ ಬೇಡ,” ಎಂದು ತೋರಿಸಿಕೊಟ್ಟ.

ಬಂಗಾರಿಯ ಸ್ವರ ತುಂಬಿ ಹೊರಟಿತು. ಸುಚಿತಾಳದ್ದು ಕೀಚಲು! ಮಕ್ಕಳು ನಕ್ಕರು. ಕಣ್ಣೊರೆಸಿಕೊಳ್ಳುತ್ತಾ ಅವಳೂ ನಕ್ಕಳು.

ಮಕ್ಕಳು ಹೋದ ಮೇಲೆ ಮೆಲ್ಲಗೆ ಕೇಳಿದಳು. “ಸಿಟ್ಟು ಹೋಯ್ತಾ?”

“ಇಲ್ಲ.”

“ಯಾವಾಗ ಹೋಗ್ತದೆ...?”

“ಗೊತ್ತಿಲ್ಲ. ಅಲ್ಲಿವರೆಗೆ ಕಾಯುಕೆ ನನ್ನ ಹತ್ರ ಆಗುದಿಲ್ಲ, ಸುಚಿತಾ. ನೀವು ‘ಬೇಡ’ ಅಂದದ್ದು ಎಂತಕ್ಕೆ ಅಂತ ಈಗ ತಿಳೀತು. ಆದಿತ್ಯವಾರ ಆಯಿನ ಕರ್ಕಂಡು ಬರ್ತೆ... ಆತಾ?”

ಅವಳು ಕ್ಲಾರಿನೆಟ್ ಅವನ ಕೈಗಿಟ್ಟಳು.

“ಆತು.”