ಗೋಡೆಯ ಕಡೆಗಿನ ಮುಖ

"ಹಳೇ ಚಾಕಲೇಟ್ ಸಿಸ್ಟ್ ಸಣ್ಣದಾಗೇತಿ ನೋಡ್ರಿ," ಎಂದರು ಗದಗಿನ ಡಾಕ್ಟರಮ್ಮ, ಸ್ಕ್ಯಾನಿಂಗ್ ಚಿತ್ರ ನೋಡುತ್ತ. "ಬಸಿರಿನ್ಯಾಗ ಭಾಳ ಮಂದಿಗೆ ಹಿಂಗ ಕುಗ್ಗತೈತಿ. ಕೂಸು ಛಲೋ ಐತಿ."

"ಹಳೇದಂದ್ರ?" ಎಂದ ಕೊಟ್ರೇಶ.

ಪಕ್ಕದಲ್ಲಿದ್ದ ಅವನ ಹೆಂಡತಿ ವಾಣಿಶ್ರೀಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಅಂಡಾಶಯದಲ್ಲಿ ಹಳೇ ರಕ್ತ ತುಂಬಿಕೊಂಡ ಆ ಗಂಟು ಮದುವೆಗೆ ಮುಂಚೆಯೇ ಕಂಡಿತ್ತು. "ಬಾಯಿ ಬಿಟ್ಟಿ ಅಂದ್ರ ಸಂಬಂಧ ಮುರೀತೈತಿ," ಎಂದು ಅವ್ವ ತಿಪ್ಪವ್ವ ತಾಕೀತು ಮಾಡಿದ್ದಳು. ವಾಣಿಶ್ರೀ ಬಾಯಿ ಬಿಟ್ಟಿರಲಿಲ್ಲ. ಈಗ ಡಾಕ್ಟರಮ್ಮನೇ ಅದನ್ನೂ, ಅದರಿಂದ ಬರುವ ನೋವನ್ನೂ ಅವನಿಗೆ ಬಿಡಿಸಿ ಹೇಳಿದರು.

ಊರಿಗೆ ಮರಳುವ ಲಕ್ಷ್ಮೇಶ್ವರದ ಬಸ್ಸು ಸೊರಟೂರಿಗೆ ಬಂದಿತ್ತು.

"ಮುಟ್ಟಿದ್ರ ಗ್ವಾಡಿ ಕಡೆ ಮುಖ ಮಾಡತಿದ್ದಿ," ಎಂದ ಕೊಟ್ರೇಶ, ಕಿಟಕಿಯಾಚೆ ನೋಡುತ್ತ. "ನೋವಿಗೇನು?"

"ಹೂಂ ರೀ."

"ನಾ ನಿನಗ ಬ್ಯಾಡಾಗೇನಿ ಅಂತ ತಿಳದಿದ್ದೆ. ಅದಕ್ಕ ಸೆಕಿ ನೆವಾ ಹೇಳಿ ಪಡಸಾಲ್ಯಾಗ ಮಲಗತಿದ್ದೆ."

ವಾಣಿಶ್ರೀ ತನ್ನ ನಾಚಿಕೆ ಮುಚ್ಚಿಡಲು ಹೋಗಿ ಈ ಸಾಧು ಮನುಷ್ಯನಿಗೂ ಒಂದು ನಾಚಿಕೆ ಅಂಟಿಸಿದ್ದಳು. ಮೆಲ್ಲಗೆ ಅವನ ಕೈ ಮೇಲೆ ಕೈಯಿಟ್ಟಳು. ಹಿಂದಿನ ಸೀಟಿನ ಮುದುಕಿ ಬೇಕೆಂದೇ ಕೆಮ್ಮಿದಳು. ಇಬ್ಬರೂ ಕೈ ತೆಗೆಯಲಿಲ್ಲ.

ಹೆರಿಗೆಗೆ ಅವಳು ತವರುಮನೆ ಮುಂಡರಗಿಗೆ ಹೋದಳು. ಹೆಣ್ಣು ಹುಟ್ಟಿತು. ಅಳಿಯ ವಾರ ತಪ್ಪದೆ ಬಂದಿಳಿಯತೊಡಗಿದ ಮೇಲೆ ಪಕ್ಕದ ಮನೆಯ ಸಾವಕ್ಕ ಸುಮ್ಮನಿದ್ದಾಳೆಯೇ?

"ಕೂಸಿನ್ನ ನೋಡಾಕ ಬಂದೀರೋ, ಕೂಸಿನವ್ವನ್ನ ನೋಡಾಕ ಬಂದೀರೋ?"

"ಎರಡಕ್ಕೂ ಟಿಕೀಟು ಒಂದ ಐತ್ರಿ!"

ಐದನೇ ತಿಂಗಳಲ್ಲಿ ತಾಯಿ-ಮಗುವನ್ನು ಗಂಡನ ಮನೆಗೆ ಕರೆದೊಯ್ಯುವುದು ಪದ್ಧತಿ. ಆ ವಾರವೇ ಮತ್ತೆ ಸ್ಕ್ಯಾನಿಂಗ್ ಆಯಿತು. ಕುಗ್ಗಿದ್ದ ಗಂಟು ತಿರುಗಿ ಬೆಳೆದಿತ್ತು. ಹೆರಿಗೆಯ ನಂತರ ಕೆಲವರಿಗೆ ಹೀಗಾಗುತ್ತದೆ, ಎದೆಹಾಲು ಕುಡಿಸುತ್ತಿರು, ಆಗಾಗ ಬಂದು ತೋರಿಸು ಎಂದರು ಡಾಕ್ಟರಮ್ಮ.

"ಮೊದಲ ಕರಕೊಂಡು ಹೋಗಲಿ," ಎಂದಳು ತಿಪ್ಪವ್ವ. "ಆಮ್ಯಾಲ ಹೇಳಿದ್ರಾತು."

ಕೊಟ್ರೇಶ ಬಂದಾಗ ವಾಣಿಶ್ರೀ ಗೋಡೆಯ ಕಡೆ ಮುಖ ಮಾಡಿ ಕೂಸಿಗೆ ಹಾಲು ಕುಡಿಸುತ್ತಿದ್ದಳು. ಸುಮ್ಮನಿದ್ದರೆ ನಡೆದುಹೋಗುತ್ತಿತ್ತು. ಇವನು ಮತ್ತೆ ಪಡಸಾಲೆ ಸೇರಿದರೆ ಎಂಬ ಹೆದರಿಕೆಯೂ ಇತ್ತು. ಆದರೂ ಸೆರಗು ಸರಿಮಾಡಿಕೊಂಡು ಅವನತ್ತ ತಿರುಗಿದಳು.

"ರೀ, ಅದು ಮತ್ತ ಬಂದೈತಿ." ಕಿವಿಯ ತನಕ ಬಿಸಿಯೇರಿತು.

"ನೋವೈತೇನು?"

"ಸ್ವಲ್ಪ."

ಅವನು ಎದುರಿಗೇ ನೆಲದ ಮೇಲೆ ಕೂತ. "ತೊಟ್ಟಲಾ ಎಲ್ಲಿ ಕಟ್ಟೂದಂತ ನಮ್ಮವ್ವ ಕೇಳಿದ್ಲು. ನಮ್ಮ ಕೋಣ್ಯಾಗ ಅಂದೇನಿ. ನಾನೂ ಅಲ್ಲೇ ಇರತೇನಿ. ನೋವಾದ್ರ ನೋವಾತು ಅನ್ನು, ದೂರ ಸರದು ಮಲಗತೇನಿ. ಮುಖ ಮಾತ್ರ ಈ ಕಡೆ ಇರಲಿ."

ಬಾಗಿಲಲ್ಲಿ ಕೇಳುತ್ತ ನಿಂತಿದ್ದ ತಿಪ್ಪವ್ವ ಸದ್ದಿಲ್ಲದೆ ಒಳಗೆ ಸರಿದಳು. ವಾಣಿಶ್ರೀಯ ನಾಚಿಕೆ ಇನ್ನೂ ಹೋಗಿರಲಿಲ್ಲ. ಕಣ್ಣು ತುಂಬಿ ಬಂದವು, ಆದರೆ ಅವಳು ಗೋಡೆಯ ಕಡೆ ತಿರುಗಲಿಲ್ಲ.