ಫ್ಲಾಪಿಗೆ ಸ್ನಾನ

"ಇನ್ನೊಂದ್ಸಲ ಒತ್ತಿ ನೋಡೋ ಕಾಮೇಶ," ಎಂದರು ಅಜ್ಜಿ.

ಅಪ್ಪ ಎಂಟರ್ ಒತ್ತಿದರು. ಕಂಪ್ಯೂಟರ್ ಕರ್ರ್ ಕರ್ರ್ ಎಂದು ಹಲ್ಲು ಕಡಿಯಿತು. ಕಪ್ಪು ಸ್ಕ್ರೀನಿನ ಮೇಲೆ ಮತ್ತೆ ಅದೇ ಹಸಿರು ಸಾಲು ಬಂತು: ಕೆನಾಟ್ ಓಪನ್ ಸ್ಟೋರ್ ಡೇಟಾಬೇಸ್.

ಮೃಣಾಲಿನಿ ಸೀರೆ ಕಪಾಟಿಗೆ ಒರಗಿ ನಿಂತು ಫ್ರಾಕಿನ ತುದಿಯನ್ನು ತಿರುಚುತ್ತಿದ್ದಳು. ಮನೆಯಲ್ಲಿ ಅವಳನ್ನು ಎಲ್ಲರೂ ಮಿಣು ಅಂತಲೇ ಕರೆಯುವುದು. ಇವತ್ತು ಯಾರೂ ಕರೆಯದಿದ್ದರೆ ಸಾಕು ಅನ್ನಿಸುತ್ತಿತ್ತು.

ಅವತ್ತು ವಿಜಯದಶಮಿ. ಇಂದ್ರಕೀಲಾದ್ರಿ ಬೆಟ್ಟ ಹತ್ತಿ ದುರ್ಗಮ್ಮನ ದರ್ಶನ ಮುಗಿಸಿದ ಹೆಂಗಸರು ನೇರವಾಗಿ ಅಪ್ಪನ ಅಂಗಡಿಗೆ ಇಳಿದು ಬಂದಿದ್ದರು. ಚಾಪೆಯ ಮೇಲೆ ಮಂಗಳಗಿರಿ ಸೀರೆಗಳ ರಾಶಿಯೇ ಬಿದ್ದಿತ್ತು.

"ರೇಟು ಎಂತಂಡೀ?" ಎಂದು ತೆಲುಗಿನಲ್ಲಿ ಕೇಳುತ್ತಾ ಒಬ್ಬಾಕೆ ನೀಲಿ ಸೀರೆ ಎತ್ತಿ ಹಿಡಿದಳು.

"ಒಕ್ಕ ನಿಮಿಷಂ ಅಮ್ಮಾ," ಎಂದರು ಅಪ್ಪ. ಬೆಳಗಿನಿಂದ ಅದನ್ನೇ ಹೇಳುತ್ತಿದ್ದರು.

ಹೇಳಲು ಬೇರೆ ಏನಿತ್ತು? ಕಂಪ್ಯೂಟರ್ ಬಂದ ಮೇಲೆ ಸೀರೆಗಳಿಗೆ ರೇಟಿನ ಚೀಟಿ ಇರಲಿಲ್ಲ, ಬರೀ ನಂಬರ್. ಯಾವ ನಂಬರಿಗೆ ಯಾವ ರೇಟು ಅನ್ನುವುದೆಲ್ಲ ಅಂಗೈಗಿಂತ ಸ್ವಲ್ಪ ಅಗಲವಾದ ಒಂದು ಕಪ್ಪು ಫ್ಲಾಪಿಯಲ್ಲಿತ್ತು. ಅಪ್ಪ ಅದನ್ನು ಪ್ರತಿ ರಾತ್ರಿ ಬೀಗದ ಕೈ ಜೊತೆ ಮನೆಗೆ ತರುತ್ತಿದ್ದರು. "ಅಂಗಡಿಯ ಪ್ರಾಣ ಅಂಗಡೀಲಿ ಬಿಟ್ಟು ಬರಬಾರದು," ಅನ್ನುತ್ತಿದ್ದರು.

ನಿನ್ನೆ ಆಯುಧಪೂಜೆ. ಪೂಜೆಗಿಟ್ಟ ಸಾಮಾನನ್ನು ಅವತ್ತು ಬಳಸಬಾರದು. ಅಜ್ಜಿ ಕತ್ತರಿ ಕೂಡ ಮುಟ್ಟಲು ಬಿಟ್ಟಿರಲಿಲ್ಲ. ಆದರೆ ಸಂಜೆ ಅಪ್ಪ ಶಟರ್‌ಗೆ ಚೆಂಡು ಹೂವಿನ ಹಾರ ಕಟ್ಟುತ್ತಿದ್ದಾಗ ಮಿಣು ಕಂಪ್ಯೂಟರ್ ಆನ್ ಮಾಡಿದ್ದಳು. ಫ್ರೆಂಡ್ ಕೊಟ್ಟ ಗೇಮ್ ಫ್ಲಾಪಿ ಹಾಕಿದ್ದಳು. ಹಾವಿನ ಆಟ. ಎರಡೇ ಎರಡು ಸಲ.

ಆಡಿದ್ದಕ್ಕೇ ಹೀಗಾಯಿತಾ?

ಚಂದ್ರಮೌಳಿ ಅಂಕಲ್ ಸ್ಕೂಟರಿನಲ್ಲಿ ಬಂದರು. ಕಂಪ್ಯೂಟರ್ ತಂದು ಕೂರಿಸಿದವರು ಅವರೇ. ಅನಂತಪುರದವರಾದ್ದರಿಂದ ಅವರಿಗೆ ಕನ್ನಡವೂ ಬರುತ್ತಿತ್ತು.

"ಇನ್ನೊಂದು ಕಾಪಿ ಎಲ್ಲಿ ಕಾಮೇಶ್ವರ್‌ಗಾರೂ?"

"ಹಬ್ಬ ಆದ್ಮೇಲೆ ಮಾಡೋಣ ಅಂತಿದ್ದೆ," ಎಂದು ಅಪ್ಪ ತಲೆ ಕೆರೆದುಕೊಂಡರು.

"ಬಾಗುಂದಿ! ಚೆನ್ನಾಗಿದೆ! ಕಳ್ಳ ಬಂದು ಹೋದ ಮೇಲೆ ಬೀಗ ಹಾಕ್ತೀರಾ? ಸರಿ, ನಿನ್ನೆ ಯಾರಾದ್ರೂ ಇದನ್ನ ಮುಟ್ಟಿದ್ರಾ?"

ಮಿಣು ಕಪಾಟಿನಿಂದ ಒಂದು ಹೆಜ್ಜೆ ಮುಂದೆ ಬಂದಳು.

"ನಾನು... ಗೇಮ್ ಆಡಿದೆ."

ಅಪ್ಪ ನಿಧಾನವಾಗಿ ತಿರುಗಿದರು. "ಪೂಜೆಗಿಟ್ಟ ಕಂಪ್ಯೂಟರಲ್ಲಿ? ನನ್ನ ಕೇಳದೇನೇ? ವರ್ಷವೆಲ್ಲಾ ಕೂತು ಟೈಪ್ ಮಾಡಿದ್ದು ಮಿಣು ಅದು. ಇನ್ಮೇಲೆ ಇದರ ಹತ್ರ ಬರ್ಕೂಡದು ನೀನು."

ಅವರು ಕೂಗಲಿಲ್ಲ. ಕೂಗಿದ್ದರೆ ವಾಸಿಯಿತ್ತು.

ಚಂದ್ರಮೌಳಿ ಅಂಕಲ್ ಅಷ್ಟರಲ್ಲಿ ಅಂಗಡಿಯ ಫ್ಲಾಪಿಯನ್ನು ಹೊರಗೆ ತೆಗೆದು ಟ್ಯೂಬ್‌ಲೈಟಿಗೆ ಹಿಡಿದಿದ್ದರು. ಅದರ ಕಪ್ಪು ಕವರಿನಲ್ಲಿ ಉದ್ದನೆಯ ಒಂದು ಕಿಂಡಿ ಇರುತ್ತದೆ. ಅದರೊಳಗೆ ಕಾಣುವ ಕಂದು ತಟ್ಟೆಯ ಮೇಲೇ ಎಲ್ಲಾ ಬರೆದಿರುತ್ತದೆ.

"ಗೇಮನ್ನ ಯಾಕೆ ಬಯ್ತೀರಿ?" ಎಂದು ಅವರು ನಗಲು ಶುರುಮಾಡಿದರು. "ಇಲ್ಲಿ ನೋಡಿ. ಗಂಧ, ಅದರ ಮೇಲೆ ಕುಂಕುಮ! ಫ್ಲಾಪಿಗೆ ಬೊಟ್ಟಿಟ್ಟಿದ್ದಾರೆ. ಅದೂ ಕರೆಕ್ಟಾಗಿ ಕಿಂಡಿಯೊಳಗೇ. ಹುಡುಗಿ ಏನೂ ಮಾಡಿಲ್ಲ."

ಏನೂ ಮಾಡಿಲ್ಲ! ಮಿಣು ಬಿಟ್ಟ ಉಸಿರು ಪಕ್ಕದಲ್ಲಿದ್ದವರಿಗೂ ಕೇಳಿಸಿರಬೇಕು.

"ನಾನು ಪೇಪರ್ ಕವರಲ್ಲೇ ದೇವರ ಮುಂದೆ ಇಟ್ಟಿದ್ದೆನಲ್ಲಾ!" ಎಂದರು ಅಪ್ಪ. "ಯಾರು ಹಚ್ಚಿದ್ದು?"

ಮಿಣು ಅಜ್ಜಿಯ ಕಡೆ ನೋಡಿದಳು. ಸ್ಟೂಲಿನ ಮೇಲೆ ಕೂತಿದ್ದ ಅಜ್ಜಿ ಬಾಗಿಲಿನ ಕಡೆ ನೋಡುತ್ತಿದ್ದರು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಅವರ ಬಲಗೈ ಮೆಲ್ಲಗೆ ಸೆರಗಿನೊಳಗೆ ಸೇರಿತು.

"ಅದಿರಲಿ ಬಿಡಿ. ಒಂದು ಚೆಂಬು ನೀರು ಕೊಡಿ," ಎಂದರು ಚಂದ್ರಮೌಳಿ ಅಂಕಲ್. "ಇದಕ್ಕೆ ಸ್ನಾನ ಮಾಡಿಸ್ಬೇಕು."

"ಸ್ನಾನಾನಾ?" ಅಪ್ಪನ ಮುಖ ಬಿಳುಚಿತು.

ಅಂಕಲ್ ಕತ್ತರಿಯಿಂದ ಕವರಿನ ಒಂದು ಅಂಚನ್ನು ಕತ್ತರಿಸಿ, ಒಳಗಿನ ತಟ್ಟೆಯನ್ನು ಎಳೆದರು. ಅದು ಹಪ್ಪಳಕ್ಕಿಂತ ತೆಳ್ಳಗೆ ಬಳುಕುತ್ತಿತ್ತು. "ಸಣ್ಣ ಬೆರಳು ಬೇಕು. ಅಮ್ಮಾಯಿ, ನೀನೇ ಬಾ. ಅಂಚು ಮಾತ್ರ ಹಿಡ್ಕೋ."

ಮಿಣು ಅಪ್ಪನ ಮುಖ ನೋಡಿದಳು. ಅಪ್ಪ ಹೂಂ ಎಂದು ತಲೆಯಾಡಿಸಿದರು.

ಅಂಗಡಿಯ ಹಿಂದಿನ ಮೋರಿಯ ಬಳಿ ಅವಳು ಹಿಡಿದಳು, ಅಂಕಲ್ ನೀರು ಹನಿಸಿದರು. ಕೆಂಪು ನೀರು ಇಳಿದು ಹೋಯಿತು. ಅಂಕಲ್ ಅದನ್ನು ಮೆತ್ತನೆಯ ಬಟ್ಟೆಯಿಂದ ಒತ್ತಿ, ಫ್ಯಾನಿನ ಕೆಳಗೆ ಆರಲು ಬಿಟ್ಟರು. ಕಂಪ್ಯೂಟರಿನ ಬಾಯೊಳಗೆ ಅಂಟಿದ್ದ ಕುಂಕುಮವನ್ನು ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಲು ಕೂತರು.

ಮಿಣು ಅಜ್ಜಿಯ ಪಕ್ಕ ಹೋಗಿ ನಿಂತಳು.

"ನೀವೆಲ್ಲಾ ಅದನ್ನೇ ಅಷ್ಟು ನಂಬ್ಕೊಂಡಿದೀರಿ," ಅಜ್ಜಿ ತುಟಿ ಅಲುಗಿಸದೆ ಪಿಸುಗುಟ್ಟಿದರು. "ಕವರಿಗೆ ಹಚ್ಚಿದ್ರೆ ಅದಕ್ಕೆಲ್ಲಿ ಮುಟ್ಟುತ್ತೆ ಅಂತ ಒಳಗೆ ಹಚ್ಚಿದೆ ಕಣೇ. ಹೋಗೇಬಿಡ್ತೇನೇ ಎಲ್ಲಾ?"

"ಇಲ್ಲ ಅಜ್ಜಿ. ತೊಳೆದ್ರೆ ಕುಂಕುಮ ಹೋಗುತ್ತಂತೆ. ನಾನೇ ನೋಡ್ದೆ, ಪೂರ್ತಿ ಹೋಯ್ತು."

ಆರಿದ ತಟ್ಟೆಯನ್ನು ಅಂಕಲ್ ಹೊಸ ಫ್ಲಾಪಿಯೊಂದರ ಕತ್ತರಿಸಿ ಖಾಲಿ ಮಾಡಿದ ಕವರಿಗೆ ತೂರಿಸಿ ಕಂಪ್ಯೂಟರಿನೊಳಗೆ ತಳ್ಳಿದರು. ಎಂಟರ್. ಕರ್ರ್ ಕರ್ರ್. ಚಾಪೆಯ ಮೇಲಿದ್ದ ಹೆಂಗಸರೂ ಕತ್ತು ಚಾಚಿದರು.

ಸ್ಕ್ರೀನಿನ ತುಂಬ ನಂಬರುಗಳು ಸರಸರ ಇಳಿಯತೊಡಗಿದವು.

"ವಚ್ಚೇಸಿಂದಿ!" ಎಂದು, ಬಂದೇಬಿಟ್ಟಿತೆಂಬ ಖುಷಿಯಲ್ಲಿ, ನೀಲಿ ಸೀರೆಯಾಕೆ ಚಪ್ಪಾಳೆ ತಟ್ಟಿದಳು. ಅಪ್ಪ ಕುರ್ಚಿಗೆ ಒರಗಿ ಎರಡೂ ಕೈಯಿಂದ ಮುಖ ಒರೆಸಿಕೊಂಡರು. ಅಂಕಲ್ ಮಾತ್ರ ಯಾರನ್ನೂ ಹತ್ತಿರ ಬಿಡದೆ ಮೊದಲು ಇನ್ನೊಂದು ಕಾಪಿ ಮಾಡಿದರು.

"ಮಿಣು, ಬಾ ಇಲ್ಲಿ. ನಂಬರ್ ಓದು, ನಾನು ಹೊಡೀತೀನಿ," ಎಂದರು ಅಪ್ಪ. ಸ್ವಲ್ಪ ತಡೆದು, "ಗೇಮ್ ವಿಷಯ ಮನೇಲಿ ಮಾತಾಡೋಣ," ಎಂದರು. ಆದರೆ ಧ್ವನಿ ಮೆತ್ತಗಾಗಿತ್ತು. ಬೆರಳು ಕೀಲಿಗಳ ಮೇಲಿಟ್ಟವರು ಮತ್ತೆ ತಲೆಯೆತ್ತಿದರು. "ಅಲ್ಲಾ, ಆ ಕುಂಕುಮ ಹಚ್ಚಿದ್ದು ಯಾರು ಅಂತ?"

ಹಿಂದಿನಿಂದ ಅಜ್ಜಿಯ ಕೈ ಬಂದು ಮಿಣುವಿನ ಬೆರಳುಗಳನ್ನು ಹಿಡಿದುಕೊಂಡಿತು. ಆ ಕೈ ತಣ್ಣಗೆ ಬೆವೆತಿತ್ತು. ಬೆಳಗಿನಿಂದ ತನ್ನ ಕೈ ಹೇಗಿತ್ತೋ ಹಾಗೇ. ದೊಡ್ಡವರಿಗೂ ಹೀಗಾಗುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ.

"ಅಪ್ಪಾ, ಆಂಟಿ ಎಷ್ಟೊತ್ತಿಂದ ಕಾಯ್ತಿದ್ದಾರೆ," ಎಂದಳು ಮಿಣು, ನೀಲಿ ಸೀರೆಯನ್ನು ಇನ್ನೊಂದು ಕೈಯಿಂದ ಹತ್ತಿರಕ್ಕೆಳೆದುಕೊಂಡು. "ನಂಬರ್ ಹೇಳ್ಲಾ?"